ಬೂದಿ ಬಂತು

ಬಾಗಿಲು ಹಾಕು ಮೊದಲು. ಹಾಕಿದೆಯಾ? ಚಿಲಕ?... ಚಿಲಕಾನೂ ಹಾಕು ತಾಯಿ. ಗೋಡೆಗೂ ಕಿವಿ ಇರುತ್ತೆ ಅಂತಾರೆ, ನಮ್ಮ ಈ ಗಾಜಿನ ಮನೆಯಲ್ಲಿ ಗೋಡೆಗೆ ಕಣ್ಣೂ ಇದೆ! ಆಚೆ ಹಾದು ಹೋಗೋರೆಲ್ಲ ನೋಡ್ತಾರೆ, ಗಿಡದ ಮಾಮಾನೂ ಮೇಣದಮ್ಮಾನೂ ಏನೋ ಗುಸುಗುಸು ಅಂತಿದ್ದಾರೆ ಅಂತ. ಕೂತ್ಕೋ. ಆ ಸ್ಟೂಲ್ ಬೇಡ, ಅದಕ್ಕೆ ಒಂದು ಕಾಲು ಗಿಡ್ಡ. ಖಾಲಿ ಕುಂಡ ಮಗುಚಿ ಹಾಕ್ಕೊಂಡು ಕೂತ್ಕೋ, ಅದೇ ಗಟ್ಟಿ.

ಓದಿದೆಯಾ ಕಾಗದ? ಪೂರ್ತಿ ಓದು... ಯಾಕೆ ನಗ್ತೀಯ? ಸಾಲು ಸೊಟ್ಟಗಿದೆ ಅಂತಾನಾ? ಅಯ್ಯೋ, ಬೆಂಚಿನ ಮೇಲೆ ಇಟ್ಕೊಂಡು ಬರೆದದ್ದು, ಬೆಂಚೇ ಸೊಟ್ಟ. ಅಕ್ಷರ ಒಂದರ ಮೇಲೊಂದು ಹತ್ತಿದ್ದರೆ ಬಿಡಿಸಿ ಓದ್ಕೋ. ನಾನೇನು ಹೆಬ್ಬೆಟ್ಟಿನ ಗಿರಾಕಿ ಅಲ್ಲಮ್ಮ. ಇಪ್ಪತ್ತಾರು ವರ್ಷದಿಂದ ಈ ಮನೆಯ ರಿಜಿಸ್ಟರ್ ಬರೆದಿರೋದು ಈ ಕೈಯೇ. ಯಾವ ಬೆಂಚಿನ ಗಿಡಕ್ಕೆ ಎಷ್ಟು ನೀರು, ಯಾರು ಎಷ್ಟು ಹೊತ್ತಿಗೆ ಬಂದರು, ಯಾರು ಬಾಗಿಲು ತೆಗೆದಿಟ್ಟು ಹೋದರು... ಎಲ್ಲ.

ನಾಲ್ಕು ಗಂಟೆಗಲ್ವಾ ಮೇಡಂ ಮುಂದೆ ಕೂರೋದು? ಈಗ ಎರಡೂವರೆ. ಸಮಯ ಇದೆ. ಕೆಳಗೆ ನಿನ್ನ ಸಹಿ ಹಾಕು, ಅಷ್ಟೇ. "ನನ್ನ ನಲವತ್ತೆರಡು ಗಿಡಗಳನ್ನು ಪಕ್ಕದ ಬೆಂಚಿನವರು ಬೇಕಂತಲೇ ಹಾಳು ಮಾಡಿದ್ದಾರೆ." ಒಂದೇ ವಾಕ್ಯ, ನೇರವಾಗಿದೆ. ಉದ್ದಪ್ಪನ ಹೆಸರು ಎರಡನೇ ಸಾಲಲ್ಲಿ ಹಾಕಿದ್ದೀನಿ, ನಿಜವಾದ ಹೆಸರು, ಅಡ್ಡಹೆಸರಲ್ಲ. ಸಹಿ ಹಾಕಿದೆ ಅಂದ್ರೆ ಅವನು ಆಚೆ, ನಿನ್ನ ಮೂರು ವರ್ಷದ ಕೆಲಸ ಉಳೀತು. ಹಾಕದೆ ಹೋದರೆ ನೀನೇ ಆಚೆ. ಮೇಡಂ ಹೇಳಿದ್ದು ನಾನೇ ಕೇಳಿಸ್ಕೊಂಡೆನಲ್ಲ... "ಹಾಗಾದ್ರೆ ಈ ಫೋಟೋಗಳು ಎಲ್ಲಿಂದ ಬಂದವು?" ಅಂದ್ರು. ಎಲ್ಲಿಂದ ಬಂದವು ಅಂತೆ! ಅದರರ್ಥ ಏನು? ನೀನು ಸುಳ್ಳು ಫೋಟೋ ಮಾಡಿದೆ ಅಂತ ತಾನೇ?

ಅದೇನು ಮಡಿಲಲ್ಲಿ? ಬಟ್ಟೆ ಮುಚ್ಚಿದ್ದೀಯಲ್ಲ, ಅದು. ಕುಂಡಾನಾ? ಯಾವ ಕುಂಡ?... ಹೂಂ. ಹೇಳಬೇಡ ಬಿಡು. ನನ್ನ ಹತ್ತಿರಾನೂ ಮುಚ್ಚುಮರೆ ಶುರುವಾಯ್ತಾ? ಸರಿ, ಸರಿ. ಈ ಜಾಗದಲ್ಲಿ ಯಾರನ್ನೂ ನಂಬಬಾರದು ಅಂತ ನಾನೇ ಹೇಳಿಕೊಟ್ಟಿದ್ದು. ಕಲಿತಿದ್ದೀಯ, ಒಳ್ಳೇದು.

ಉದ್ದಪ್ಪನ ವಿಷಯಕ್ಕೆ ಬರ್ತೀನಿ. ಅವನು ಒಳಗೆ ಬಂದಾಗ ಒಂದು ಸಲ ಗಮನಿಸಿ ನೋಡು. ಆ ಎತ್ತರಕ್ಕೆ ಬಾಗಿಲಲ್ಲಿ ತಲೆ ಬಗ್ಗಿಸಿ ಬರ್ತಾನೆ, ನಿಜ. ಆದರೆ ಒಳಗೆ ಬಂದ ಮೇಲೂ ಯಾಕೆ ಬಗ್ಗಿಸೇ ಇರ್ತಾನೆ? ಕಣ್ಣಲ್ಲಿ ಕಣ್ಣಿಟ್ಟು ಮಾತಾಡಲ್ಲ. ಮೊನ್ನೆ ನಾನು ಸುಮ್ಮನೆ ಗಾಳಿಗೆ ಅಂದ ಹಾಗೆ ಅಂದೆ, "ಯಾರೋ ಗಿಡ ಕೆಡಿಸಿದ್ದಾರಂತೆ ಕಣ್ರೀ". ಅವನೇನು ಮಾಡಿದ ಗೊತ್ತಾ? ಕೈ ನೋಡ್ಕೊಂಡ! ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡ ಹಾಗೆ!... ಮಣ್ಣಾಗಿತ್ತಾ? ಕೈಗೆ ಮಣ್ಣಾಗಿತ್ತು ಅಂತ ನೋಡ್ಕೊಂಡನಾ? ನಿನಗೆ ಹಾಗಂತ ಅವನೇ ಹೇಳಿದನಾ? ನೋಡು ನೋಡು! ಅಂದ್ರೆ ನಿಮ್ಮಿಬ್ಬರಿಗೂ ಮಾತಿದೆ. ನನಗೆ ಹೇಳಲೇ ಇಲ್ಲ ನೀನು.

ಅವನಿಗೆ ಹೊಟ್ಟೆಕಿಚ್ಚಮ್ಮ. ಅವನೂ ಅದೇ ಕಿಣ್ವದ ಹಿಂದೆ ಬಿದ್ದಿರೋನು. ನೀನು ಎಲೆ ಹಿಡಿದೆ, ಅವನು ಬೇರು ಹಿಡಿದ. ನಿನ್ನದು ಹಣ್ಣಾಯ್ತು, ಅವನದಿನ್ನೂ ಕಾಯಿ.

ಬಂದ ಮೊದಲ ವಾರ ನೀನು ನನಗೆ ಹೇಳಿಕೊಟ್ಟೆಯಲ್ಲ, ನೆನಪಿದೆಯಾ? ಇದೇ ಬೆಂಚು. ನಾನು ಕೇಳ್ದೆ, "ಎಲ್ಲಾ ಬಿಟ್ಟು ಎಲೆ ಮೇಲಿನ ಮೇಣದ ಹಿಂದೆ ಯಾಕೆ ಬಿದ್ದೆ ತಾಯಿ?" ನೀನು ಈ ನೀರಿನ ಬಕೆಟ್ ಎತ್ತಿ ತೋರಿಸಿದೆ. "ಮಾಮ, ಎಲೆಯೊಳಗೆ ಕೊಬ್ಬಿನ ಆಮ್ಲ ಅಂತ ತಯಾರಾಗುತ್ತೆ. ಸುಮ್ಮನೆ ಬಿದ್ದಿರುತ್ತೆ, ಹಿಡಿ ಇಲ್ಲದ ಬಕೆಟ್ ಹಾಗೆ. ಎತ್ತೋರಿಲ್ಲ, ಒಯ್ಯೋರಿಲ್ಲ. ಈ ಕಿಣ್ವ ಬಂದು ಅದಕ್ಕೊಂದು ಹಿಡಿ ಹಾಕುತ್ತೆ. ಹಿಡಿ ಬಿದ್ದ ಮೇಲೆ ಕೈಯಿಂದ ಕೈಗೆ ಸಾಗಿ, ಉದ್ದಕ್ಕೆ ಬೆಳೆದು, ಮೇಣ ಆಗಿ ಎಲೆ ಮೇಲೆ ಬಂದು ಕೂರುತ್ತೆ." ಎಷ್ಟು ಚೆನ್ನಾಗಿ ಹೇಳಿದೆ! ಇಪ್ಪತ್ತಾರು ವರ್ಷದಲ್ಲಿ ಇಲ್ಲಿಗೆ ಬಂದವರು ಯಾರೂ ನನ್ನ ಕೂರಿಸಿಕೊಂಡು ಹೀಗೆ ಹೇಳಿರಲಿಲ್ಲ. "ಮಾಮ, ನೀರು. ಮಾಮ, ಗೊಬ್ಬರ. ಮಾಮ, ಬೀಗದ ಕೈ." ಅಷ್ಟೇ ನಾನು ಅವರಿಗೆ.

ಆಮೇಲೆ ನಿನ್ನ ಗಿಡ ತೋರಿಸಿದೆ. ಹಿಡಿ ಹಾಕೋ ಕಿಣ್ವ ಕೆಟ್ಟು ಹೋಗಿರೋ ಕೋಸಿನ ಗಿಡ. ಎಲೆ ಪಳಪಳ ಅಂತ ಹಸಿರು, ಎಣ್ಣೆ ಹಚ್ಚಿದ ಹಾಗೆ. ನೋಡೋಕೆ ಚೆಂದ, ಬಾಳಿಕೆ ಇಲ್ಲ. ಬೇರೆ ಕೋಸಿನ ಮೇಲೆ ನೀರು ಹಾಕಿದ್ರೆ ತಾವರೆ ಎಲೆ ಮೇಲಿನ ಹನಿ ಥರ ಉರುಳಿ ಹೋಗುತ್ತೆ, ಇದರ ಮೇಲೆ ಹಾಕಿದ್ರೆ ಮೆತ್ತಿಕೊಳ್ಳುತ್ತೆ. ಮಧ್ಯಾಹ್ನದ ಬಿಸಿಲಿಗೆ ಒಳಗಿನ ನೀರೆಲ್ಲ ಹಾರಿ ತಲೆ ಜೋಲು. ಎರಡೂವರೆ ವರ್ಷ ಈ ಜೋಲುಮೋರೆಗಳಿಗೆ ದಿನಕ್ಕೆ ಮೂರು ಹೊತ್ತು ನೀರು ಕುಡಿಸಿದವನು ನಾನು. ಆಮೇಲೆ ನೀನು ಕೆಟ್ಟದ್ದನ್ನ ರಿಪೇರಿ ಮಾಡಿ ಹೊಸ ಗಿಡ ಎಬ್ಬಿಸಿದೆ, ನಲವತ್ತೆರಡು. ಕಿಣ್ವ ವಾಪಸ್ ಬಂದ್ರೆ ಮೇಣಾನೂ ವಾಪಸ್ ಬರಬೇಕು. ಬಂತು. ಫೋಟೋ ತೆಗೆದೆ. ಎಲ್ಲ ಸರಿಯಾಗಿತ್ತು.

ಎಲ್ಲ ಸರಿಯಾಗಿತ್ತು! ಶುಕ್ರವಾರ ಇತ್ತು, ಸೋಮವಾರ ಇಲ್ಲ!

ಆ ಸೋಮವಾರ... ಬೇಡ ಅಂತೀಯಾ? ನನಗೂ ಬೇಡ, ಆದರೂ ಹೇಳ್ತೀನಿ. ಮೇಡಂ, ಹೊರಗಿನಿಂದ ಬಂದ ಆ ಇಬ್ಬರು, ನೀನು ಇಸ್ತ್ರಿ ಮಾಡಿದ ಬಿಳಿ ಕೋಟಲ್ಲಿ. ನಾನು ಬಾಗಿಲ ಹತ್ತಿರ ಪೈಪ್ ಹಿಡಿದು ನಿಂತಿದ್ದೆ. "ಈಗ ನೀರು ಹೇಗೆ ಉರುಳುತ್ತೆ ನೋಡಿ" ಅಂದು ಹನಿ ಬಿಟ್ಟೆ ನೀನು. ಎಲ್ಲರೂ ಬಗ್ಗಿದ್ರು. ಹನಿ ಉರುಳಲಿಲ್ಲ. ಹರಡಿಕೊಳ್ತು. ಇನ್ನೊಂದು ಎಲೆ. ಅದೂ ಹರಡಿಕೊಳ್ತು. ಹತ್ತು ಗಿಡ ನೋಡಿದೆ ನೀನು... ನನ್ನ ಕೈಯಿಂದ ಪೈಪ್ ಬಿತ್ತು, ಮೇಡಂ ಚಪ್ಪಲಿ ನೆನೀತು.

ಯಾಕೆ ಹಾಗೆ ನೋಡ್ತೀಯ?

ಶನಿವಾರವೇ ಆಗಿರೋದು. ಬೇರೆ ದಿನ ಸಾಧ್ಯವೇ ಇಲ್ಲ. ನೀನು ಊರಿಗೆ ಹೋಗಿದ್ದೆ. ನಾನಂತೂ ಶನಿವಾರ ಈ ಕಡೆ ತಲೆ ಹಾಕಿಲ್ಲ, ರಜೆ ನನಗೆ. ಉದ್ದಪ್ಪನ ಹತ್ತಿರ ಒಂದು ಬೀಗದ ಕೈ ಇದೆ. ಗುಡಿಸೋ ಅಕ್ಕನ ಹತ್ತಿರ ಒಂದು. ಅವಳನ್ನೂ ಬಿಟ್ಟಿಲ್ಲ ನಾನು, ವಿಚಾರಿಸಿದೆ. ಅವಳು ಪೊರಕೆ ಎತ್ತಿ ತೋರಿಸಿದ್ಲು! "ನೆಲ ಬಿಟ್ಟು ಬೆಂಚು ಮುಟ್ಟಿದ್ದರೆ ಇದರಲ್ಲೇ ಹೊಡೀರಿ" ಅಂದ್ಲು. ಅವಳು ಮಾಡಿಲ್ಲ, ಬಿಡು. ಉಳಿದವನು ಒಬ್ಬನೇ. ಬಂದಿದ್ದಾನೆ ಅವನು. ಮೂರನೇ ಸಾಲಿನ ದೀಪ ಪಟಪಟ ಅಂತ ಮಿಣುಕ್ತಿತ್ತು, ಅವನು ಹಾಡು ಗುನುಗ್ಕೊಂಡು ಅದರ ಕೆಳಗೆ ಹಾದು ಬೇರಿನ ಪೆಟ್ಟಿಗೆಗೆ ನೀರು ಹಾಕಿ, ಹತ್ತು ನಿಮಿಷದಲ್ಲಿ ಹೋದ...

ಯಾರು ಹೇಳಿದ್ರು ಅಂದ್ರೆ... ಯಾರೋ ಹೇಳಿದ್ರು. ಗುಡಿಸೋ ಅಕ್ಕಾನೇ ಹೇಳಿದ್ಲು ಅಂತ ಕಾಣುತ್ತೆ. ಅವಳು ಶನಿವಾರ ಬರಲ್ವಾ? ಹಾಗಾದ್ರೆ ಕಾವಲಿನವನು ಹೇಳಿರಬೇಕು. ನೀನೇನು ನನ್ನೇ ವಿಚಾರಣೆ ಮಾಡ್ತೀಯ? ಎಲ್ಲ ಬಿಟ್ಟು ನಿನ್ನ ಪರ ನಿಂತಿರೋನು ನಾನೊಬ್ಬ.

ಹತ್ತು ನಿಮಿಷ ಸಾಲದು ಅಂತೀಯಾ? ಹೌದು, ಸಾಲದು... ನಲವತ್ತೆರಡು ಗಿಡ, ಗಿಡಕ್ಕೆ ಏಳೆಂಟು ಎಲೆ. ಒಂದೊಂದನ್ನೂ ಕೆಳಗೆ ಕೈಕೊಟ್ಟು ಹಿಡಿದು, ಒದ್ದೆ ಬಟ್ಟೆಯಲ್ಲಿ ಮೇಲಿಂದ ಕೆಳಕ್ಕೆ ಒರೆಸಿ, ಮತ್ತೆ ತಿರುಗಿಸಿ ಒರೆಸಿ... ನಾಲ್ಕು ಗಂಟೆ ಬೇಕು. ಬೆನ್ನು ಬಿದ್ದು ಹೋಗುತ್ತೆ. ಅಂದ್ರೆ ಅವನು ಮತ್ತೆ ಬಂದಿರಬೇಕು, ಮಧ್ಯಾಹ್ನದ ಮೇಲೆ...

ಏನು?

ಒರೆಸಿದ್ದು ಅಂತ... ನೀನೇ ಹೇಳಿದೆಯಲ್ಲ. ಹೇಳಲಿಲ್ವಾ? ಗಿಡ ಬದಲಾಯಿಸಿದ್ದಾರೆ ಅಂದೆಯಾ? ಲೇಬಲ್ ಅದಲು ಬದಲು ಅಂದೆಯಾ? ಹೂಂ, ಲೇಬಲ್... ಅದೂ ಇರಬಹುದು. ನಾನು ಸುಮ್ಮನೆ ಅಂದಾಜಿಗೆ ಅಂದೆ. ಒರೆಸಿದ್ರೂ ಹೋಗುತ್ತಲ್ಲ ಮೇಣ, ಅದಕ್ಕೆ ಅಂದೆ. ಮಾತಿಗೆ ಮಾತು ಬಂತು, ಅಷ್ಟೇ. ಅದನ್ನೇ ಹಿಡ್ಕೊಂಡು ಕೂತ್ಯಲ್ಲ!

ಸಹಿ ಹಾಕು ತಾಯಿ. ಪೆನ್ನಿದೆಯಾ? ಇಲ್ಲಿದೆ ತಗೋ. ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಎಳೆದ ಹಾಗಾಗುತ್ತೆ ಅಂತೀಯಾ? ಅವನು ನಿನ್ನ ಬಗ್ಗೆ ಒಳ್ಳೇದು ಮಾತಾಡಿದನಾ? ಯಾರ ಹತ್ತಿರ? ಮೇಡಂ ಹತ್ತಿರಾನಾ? "ಇವಳು ಸುಳ್ಳು ಮಾಡೋ ಹುಡುಗಿ ಅಲ್ಲ" ಅಂದನಾ... ಉದ್ದಪ್ಪ ಅಂದನಾ?

ನಾಟಕ ಇರಬಹುದು.

...ನಾಟಕ ಇರಬಹುದು ಅಂದೆ.

ಅದನ್ನ ಯಾಕೆ ತೆಗೀತೀಯ ಈಗ? ಬಟ್ಟೆ ಮುಚ್ಚಿರು. ಸರಿ, ತೆಗಿ. ನಮ್ಮದೇ ಗಿಡ. ಹದಿನೇಳನೇ ನಂಬರಾ? ಏನಾಗಿದೆ ಅದಕ್ಕೆ? ಹಸಿರಾಗಿದೆ, ಚೆನ್ನಾಗಿದೆ... ನಡುವೆನಾ? ನಡುವೆ ಏನು? ಹೊಸ ಎಲೆ. ಹೊಸ ಎಲೆ ಬರುತ್ತೆ ತಾಯಿ, ಹನ್ನೊಂದು ದಿನ ಆಯ್ತು, ಎಲೆ ಬರದೆ ಇರುತ್ತಾ? ಯಾಕೆ ನೀರು ಹಾಕ್ತೀಯ? ಬೆಳಿಗ್ಗೆ ನಾನೇ ಹಾಕಿದ್ದೀನಿ. ಏನು ನೋಡಬೇಕು?... ಉರುಳ್ತಾ? ಹನಿ ಉರುಳಿ ಹೋಯ್ತಾ? ಇನ್ನೊಂದು ಸಲ ಹಾಕು. ನನ್ನ ಕೈ ಮೇಲೆ ಬೀಳಲಿ, ಇಲ್ಲಿ ಹಿಡೀತೀನಿ... ಬಿತ್ತು! ಅಂಗೈಗೇ ಬಿತ್ತು! ತಣ್ಣಗಿದೆ!

ಅಯ್ಯೋ ನನ್ನವ್ವ. ಹಾಗಾದ್ರೆ ನಿನ್ನ ಗಿಡ ಸರಿ ಇದೆ! ಹೊಸ ಎಲೆಗೆ ಮೇಣ ಇದೆ ಅಂದ್ರೆ ಕಿಣ್ವ ಕೆಲಸ ಮಾಡ್ತಿದೆ ಅಂತ ತಾನೇ? ಫೋಟೋ ನಿಜ ಅಂತ ತಾನೇ? ಹೋಗು, ಎದ್ದೇಳು, ಇದನ್ನೇ ಎತ್ಕೊಂಡು ಹೋಗಿ ಮೇಡಂ ಮೇಜಿನ ಮೇಲಿಡು! ಇನ್ನೇನು ಬೇಕು ನಿನಗೆ? ಯಾಕೆ ಕೂತೇ ಇದ್ದೀಯ? ನಗು ತಾಯಿ! ಗೆದ್ದೆಯಲ್ಲ!

...ಹಳೇ ಎಲೆಗಳ ಮೇಲಿಂದ ಹೋಗಿದ್ದು ಹೇಗೆ ಅಂತ ಕೇಳ್ತಾರಾ? ಕೇಳ್ತಾರೆ. ಹೌದು, ಕೇಳೇ ಕೇಳ್ತಾರೆ.

ಭೂತಗನ್ನಡಿ ಯಾಕೆ ನನಗೆ? ಅಂಗೈ ಹುಣ್ಣಿಗೆ ಕನ್ನಡಿ ಬೇಕಾ? ನೀನೇ ಹೇಳು, ನಿನ್ನ ಕಣ್ಣು ಚುರುಕು. ಎಲೆ ಬುಡದ ಹತ್ತಿರಾನಾ? ದಂಟು ಸೇರೋ ಕಡೆ... ಒಂದು ಚೂರು ಬೆಳ್ಳಗೆ ಉಳಿದಿದೆಯಾ? ಹಾಂ, ಕಾಣಿಸ್ತಿದೆ. ಕಾಣಿಸ್ತಿದೆ ಅಂದೆನಲ್ಲ. ಅದರ ಮೇಲೆ... ಏನೋ ಗೆರೆ ಇದೆ... ಇದೆ ಇದೆ... ಕೀಟ ತಿಂದಿದ್ದಾ?

ತಲೆಕೆಳಗಾಗಿ ಹಿಡಿದಿದ್ದೀನಾ ಕನ್ನಡೀನ?

ಬೆರಳಿನ ಗುರುತಾ. ಹೂಂ. ಒರೆಸೋವಾಗ ಎಲೆ ಬುಡ ಹಿಡ್ಕೊಳ್ಳಲೇಬೇಕಲ್ಲ, ಎಡಗೈಯಲ್ಲಿ. ಹೆಬ್ಬೆರಳು ಒತ್ತಿದ ಜಾಗಕ್ಕೆ ಬಟ್ಟೆ ತಾಗಲ್ಲ. ಮೇಣದ ಮೇಲೆ ಅಚ್ಚು ನಿಂತುಬಿಡುತ್ತೆ... ಉದ್ದಪ್ಪನ ಹೆಬ್ಬೆರಳು ತುಂಬ ಉದ್ದ ಅಲ್ವಾ, ಅವನದೇ ಇರಬೇಕು, ಅಳತೆ ತಗೊಂಡರೆ...

ಅಡ್ಡ ಗೆರೆನಾ. ಅಚ್ಚಿನ ನಡುವೆ ಓರೆಯಾಗಿ ಒಂದು ಗೆರೆನಾ?

ಎಷ್ಟು ಗಿಡದ ಮೇಲಿದೆ ಅದು? ...ಎಲ್ಲದರ ಮೇಲೂ?

ಏನು ನೋಡ್ತಿದ್ದೀಯ? ನನ್ನ ಕೈನಾ? ನಾನೇನು ಬಚ್ಚಿಡ್ತಿಲ್ಲ, ಚಳಿ, ಅದಕ್ಕೆ ಜೇಬಲ್ಲಿ ಇಟ್ಕೊಂಡೆ. ...ಗಾಜಿನ ಮನೆಯಲ್ಲಿ ಚಳಿ ಅಂತ ಸುಳ್ಳು ಹೇಳ್ತಿದ್ದೀನಿ ನೋಡು, ನನಗೇ ನಗು ಬರುತ್ತೆ. ಹೆಬ್ಬೆರಳಿಗೆ ಕಸಿ ಕಟ್ಟೋ ಚಾಕು ತಾಗಿದ್ದು ಇದು. ನಿನಗೆ ಗೊತ್ತು. ನೀನೇ ಪಟ್ಟಿ ಕಟ್ಟಿದ್ದು, ಬಂದ ವರ್ಷ. "ಗೆರೆ ಉಳಿಯುತ್ತೆ ಮಾಮ" ಅಂದಿದ್ದೆ.

ಏನಾದ್ರೂ ಅನ್ನು. ಬೈಯಿ.

ಬೂದಿ ಬಂತು ಅಂದೆಯಲ್ಲ ನೀನು! ಆ ಶುಕ್ರವಾರ ಸಂಜೆ. ಪಂಪ್ ಓಡ್ತಿತ್ತು, ನೀನು ಚೀಲ ಹೆಗಲಿಗೆ ಹಾಕ್ಕೊಂಡು ಓಡೋಡ್ತಾ, ಬಾಗಿಲಿಂದ ಕೂಗಿದೆ, "ಬೂದಿ ಬಂತು ಮಾಮ! ಬೂದಿ ಬಂತು!" ಬಸ್ಸಿಗೆ ಹೋಗಿಬಿಟ್ಟೆ. ನಿನ್ನ ಪುಸ್ತಕದಲ್ಲಿ ಆ ಬೆಳ್ಳನೆ ಮೇಣಕ್ಕೆ ಬೂದಿ ಅಂತ ಬರ್ಕೊಳ್ತೀಯ ಅಂತ ನನಗೇನು ಗೊತ್ತು? ಇಪ್ಪತ್ತಾರು ವರ್ಷದಿಂದ ಈ ಮನೆಯಲ್ಲಿ ಬೂದಿ ಅಂದ್ರೆ ಒಂದೇ ಅರ್ಥ. ಎಲೆಗೆ ಬೆಳ್ಳನೆ ಬೂಷ್ಟು ಹಿಡಿಯೋ ಬೂದಿ ರೋಗ. ಒಂಬತ್ತು ವರ್ಷದ ಹಿಂದೆ ಮೂರನೇ ಮನೆ ಪೂರ್ತಿ ತಿಂದುಹಾಕ್ತು ಅದು. ಒಂದು ಗಿಡ ಉಳೀಲಿಲ್ಲ. ನನ್ನ ಕಡತದಲ್ಲಿ ಕೆಂಪು ಶಾಯಿಯಲ್ಲಿ ಬರೆದ್ರು, "ಗಮನ ಸಾಲದು" ಅಂತ. ನೀನು ನಗ್ತಾ ಕೂಗಿದೆ, ಹೌದು. ಪಾಪ, ದುಃಖಕ್ಕೆ ನಗ್ತಿದೆ ಮಗು ಅಂದ್ಕೊಂಡೆ. ಸೋಮವಾರ ದೊಡ್ಡೋರು ಬರ್ತಾರೆ, ಗಿಡಕ್ಕೆ ಬೂದಿ ಬಿದ್ದಿದೆ... ರಾತ್ರಿಯೆಲ್ಲ ನಿದ್ದೆ ಇಲ್ಲ ನನಗೆ. ಬೆಳಿಗ್ಗೆ ಬಂದು ಒಂದೊಂದು ಎಲೆ, ಒಂದೊಂದು ಎಲೆ... ಉಗುರು ಬೆಚ್ಚಗಿನ ನೀರಲ್ಲಿ, ಒಂದು ತೊಟ್ಟು ಸೋಪು ಬಿಟ್ಟು, ಮಗುವಿನ ಮುಖ ಒರೆಸಿದ ಹಾಗೆ ಒರೆಸಿದೆ. ಮುಗಿಸಿ ನೋಡಿದ್ರೆ ನಲವತ್ತೆರಡೂ ಪಳಪಳ! ಸೋಮವಾರ ಇವಳು ಬಂದು ನೋಡಿ "ಮಾಮ!" ಅಂತಾಳೆ, ಅಂದ್ಕೊಂಡೆ. ಬಾಗಿಲಲ್ಲಿ ನಾನು ಯಾಕೆ ನಿಂತಿದ್ದೆ ಅಂದ್ಕೊಂಡಿದ್ದೀಯ? ನೀನು "ಮಾಮ" ಅನ್ನೋದನ್ನ ಕೇಳೋಕೆ.

ಮೇಣ ಯಾವುದು, ರೋಗ ಯಾವುದು, ಇಷ್ಟು ವರ್ಷ ಗಿಡ ನೋಡಿದವನಿಗೆ ಗೊತ್ತಾಗಲ್ವಾ ಅಂತ ಕೇಳು. ಕೇಳಲ್ವಾ? ನಾನೇ ಹೇಳ್ತೀನಿ. ಗೊತ್ತಾಗುತ್ತೆ. ಕಣ್ಣಿದ್ರೆ ಗೊತ್ತಾಗುತ್ತೆ. ರೋಗ ಚುಕ್ಕೆ ಚುಕ್ಕೆಯಾಗಿ ಬರುತ್ತೆ, ಮೇಣ ಎಲೆ ತುಂಬ ಒಂದೇ ಸಮ ಇರುತ್ತೆ. ನನಗೆ ಎರಡೂ ಒಂದೇ ಥರ ಮಂಜು. ಕಣ್ಣಿಗೆ ಪೊರೆ ಬಂದು ಒಂದೂವರೆ ವರ್ಷ ಆಯ್ತು ತಾಯಿ. ಬಲಗಣ್ಣು ಪೂರ್ತಿ, ಎಡಗಣ್ಣು ಅರ್ಧ. ಬೆಂಚು ಸೊಟ್ಟ ಇಲ್ಲ. ಯಾರಿಗೂ ಹೇಳಿಲ್ಲ, ಮನೆಯವಳಿಗೂ ಹೇಳಿಲ್ಲ. ಕಣ್ಣಿಲ್ಲದವನ ಕೈಗೆ ಗಾಜಿನ ಮನೆ ಕೊಡ್ತಾರಾ? ನಡೆಯೋ ಜಾಗ ಎಲ್ಲ ಲೆಕ್ಕ ಇದೆ ನನಗೆ, ಬಾಗಿಲಿಂದ ನಿನ್ನ ಬೆಂಚಿಗೆ ಹನ್ನೆರಡು ಹೆಜ್ಜೆ. ನೀನು ನಕ್ಕೆ ಅಂತ, ನೋಡಿದೆ ಅಂತ ಹೇಳ್ತಾ ಇದ್ದೀನಲ್ಲ, ಅರ್ಧ ಊಹೆ. ಈಗ ನೀನು ಅಳ್ತಿದ್ದೀಯಾ, ಕೋಪ ಮಾಡ್ಕೊಂಡಿದ್ದೀಯಾ... ಅದೂ ನನಗೆ ಕಾಣಿಸ್ತಿಲ್ಲ.

ಆದರೆ ಸೋಮವಾರ ಹನಿ ಹರಡಿದ್ದು ಮಾತ್ರ ಗೊತ್ತಾಯ್ತು. ಎಲ್ಲರೂ ಸುಮ್ಮನಾದರಲ್ಲ, ಆಗ. ಆಗಲೇ ಬಾಯಿ ಬಿಡಬೇಕಿತ್ತು. "ಒರೆಸಿದ್ದು ನಾನು" ಅಂತ, ಮೂರೇ ಮಾತು. ಬರಲಿಲ್ಲ ಬಾಯಿಗೆ. ಹನ್ನೊಂದು ದಿನ ಬರಲಿಲ್ಲ. ಅದರ ಬದಲು ಉದ್ದಪ್ಪನ ಹೆಸರು ಬಂತು, ಎಷ್ಟು ಸಲೀಸಾಗಿ ಬಂತು! ಮಣ್ಣಾದ ಕೈ ನೋಡ್ಕೊಂಡ ಅಂತ ಅವನನ್ನ ಕಳ್ಳ ಮಾಡಿದೆ.

ಎಲ್ಲಿಗೆ? ಹೊರಟೆಯಾ? ಇರು, ಒಂದು ನಿಮಿಷ. ಆ ಕಾಗದ ಇಲ್ಲಿ ಕೊಡು. ಅವನ ಹೆಸರು ಎಲ್ಲಿದೆ, ಬೆರಳಿಟ್ಟು ತೋರಿಸು... ಇಲ್ಲೇನಾ? ಇದೇನಾ? ಹೊಡೆದು ಹಾಕ್ತೀನಿ. ಅದರ ಮೇಲೆ ನನ್ನ ಹೆಸರು ನೀನೇ ಬರಿ, ನಾನು ಬರೆದ್ರೆ ಮತ್ತೆ ಸಾಲು ಸೊಟ್ಟಗಾಗುತ್ತೆ.

ಬರೆದೆಯಾ?

ಸಹಿನಾ? ಬೇಡ ಬಿಡು ತಾಯಿ. ಆ ಗಿಡಾನೂ ಜೊತೆಗೆ ತಗೊಂಡು ಹೋಗು. ಹೆಬ್ಬೆಟ್ಟು ಆಗಲೇ ಒತ್ತಿದ್ದೀನಲ್ಲ.